ಶುಗರ್ ಇರುವ ಹಿರಿಯರು ಮತ್ತು ವಿಟಮಿನ್ ಮಾತ್ರೆಗಳು: ಕೌಂಟರಿನ ಆಚೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ಉಡುಪಿಯಲ್ಲಿ ಮದ್ದಿನಂಗಡಿ ಇಟ್ಟುಕೊಂಡು ಇಪ್ಪತ್ತೆಂಟು ವರ್ಷ ಕೂತವನಿಗೆ ಪ್ರಶ್ನೆಗಳ ಬರವಿಲ್ಲ. ಕೆಲವು ಕೌಂಟರಿನಲ್ಲೇ ಬರುತ್ತವೆ. ಕೆಲವನ್ನು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ಡಬ್ಬಿಯ ಫೋಟೋ ಸಮೇತ ಮೊಬೈಲಿಗೆ ಕಳಿಸುತ್ತಾರೆ. ಒಬ್ಬ ನಿವೃತ್ತ ಮೇಷ್ಟ್ರು ಈಗಲೂ ಕಾಗದ ಬರೆಯುತ್ತಾರೆ, ಪ್ರಶ್ನೆಗಳಿಗೆ ಕ್ರಮಸಂಖ್ಯೆ ಹಾಕಿ. ಮತ್ತೆ ಮತ್ತೆ ಬರುವವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರಲ್ಲ. ಡೋಸ್ ಬದಲಿಸುವುದು ನನ್ನ ಕೆಲಸವಲ್ಲ. ಯಾವ ಮಾತ್ರೆಗೆ ಯಾವುದರ ಜೊತೆ ಹೊಂದುವುದಿಲ್ಲ ಎಂದು ಹೇಳುವುದು ನನ್ನ ಕೆಲಸ.

## ಮೊದಲ ದಿನ ಕೇಳುವವು

"ಶುಗರ್ ಇರುವವರಿಗೆ ಒಳ್ಳೆಯ ವಿಟಮಿನ್ ಮಾತ್ರೆ ಯಾವುದು? ಒಂದು ಕೊಡಿ."

ಶುಗರ್ ಇದೆ ಎಂಬ ಒಂದೇ ಕಾರಣಕ್ಕೆ ಬೇಕಾಗುವ ವಿಟಮಿನ್ ಯಾವುದೂ ಇಲ್ಲ. ದೇಹದಲ್ಲಿ ಕೊರತೆ ಇದ್ದರೆ ಅದನ್ನು ತುಂಬಿಸಬೇಕು. ಕೊರತೆ ಇಲ್ಲದಿದ್ದರೆ ಮಾತ್ರೆ ತಿಂದು ಸಕ್ಕರೆ ಇಳಿಯುವುದಿಲ್ಲ. ಅಮೆರಿಕದ ಮಧುಮೇಹ ಸಂಘ ವರ್ಷಕ್ಕೊಮ್ಮೆ ಹೊರಡಿಸುವ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. 'ಡಯಾಬಿಟಿಕ್' ಎಂದು ಬರೆದ ಮಲ್ಟಿವಿಟಮಿನ್ ಡಬ್ಬಿಯನ್ನು ಮಾಮೂಲಿ ಡಬ್ಬಿಯ ಪಕ್ಕದಲ್ಲಿಟ್ಟು ಹಿಂಬದಿಯನ್ನು ಓದಿ ನೋಡಿ. ಹೆಚ್ಚಿನ ಸಲ ಪಟ್ಟಿ ಅದೇ, ಬೆಲೆ ಬೇರೆ. ಮಾರುವವನು ಹೀಗೆ ಹೇಳುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ನನ್ನ ಮಗ ಆಗಾಗ ನೆನಪಿಸುತ್ತಾನೆ.

"ನಾವು ದಿನವೂ ಮೀನು ತಿನ್ನುವವರು. ನಮಗೂ ಬಿ12 ವಿಟಮಿನ್ ಕಡಿಮೆಯಾಗುತ್ತದೆಯೇ?"

ಬೂತಾಯಿ, ಬಂಗುಡೆಗಳಲ್ಲಿ ಬಿ12 ಧಾರಾಳವಾಗಿದೆ. ಮರುವಾಯಿಯಲ್ಲಂತೂ (ಚಿಪ್ಪುಮೀನು) ಕೇಳುವುದೇ ಬೇಡ. ಆದರೆ ತಟ್ಟೆಯಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಮೀನಿನ ಮಾಂಸದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯಲ್ಲಿ ಆಮ್ಲ ಬೇಕು. ವಯಸ್ಸಾದ ಹಲವರಲ್ಲಿ ಅದು ಕಡಿಮೆಯಾಗುತ್ತದೆ. ಮೇಲಿಂದ ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗಿದರೆ ಇನ್ನೂ ಕಡಿಮೆ. ಇನ್ನೊಂದು ಸಂಗತಿ: ಹಲ್ಲು ಹೋದ ಅಜ್ಜಿ 'ಮೀನು ತಿಂದೆ' ಎನ್ನುವುದು ಎಷ್ಟೋ ಸಲ ಗಂಜಿಗೆ ಮೀನಿನ ಸಾರು ಮಾತ್ರ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಮೀನಿನ ರೇಟು ಏರಿ ಆ ಸಾರೂ ತೆಳ್ಳಗಾಗುತ್ತದೆ.

"ನಮ್ಮದು ಶುದ್ಧ ಸಸ್ಯಾಹಾರ. ಹಾಲು, ಮಜ್ಜಿಗೆ ಇದೆ. ಸಾಲದೇ?"

ದಿನಕ್ಕೆ ಬೇಕಾಗುವುದು ಎರಡು, ಎರಡೂವರೆ ಮೈಕ್ರೋಗ್ರಾಂ ಬಿ12. ಒಂದು ಲೋಟ ಹಾಲಿನಲ್ಲಿ ಸಿಗುವುದು ಸುಮಾರು ಒಂದು. ಎರಡು ಲೋಟ ಹಾಲು, ಮೇಲೊಂದು ಬಟ್ಟಲು ಗಟ್ಟಿ ಮೊಸರು ದಿನವೂ ಹೊಟ್ಟೆಗೆ ಹೋದರೆ ಸರಿಹೋದೀತು. ಊಟದ ಕೊನೆಗೆ ಬಡಿಸುವ ನೀರು ಮಜ್ಜಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹುಳಿ ಬಂದ ಇಡ್ಲಿ ಹಿಟ್ಟಿನಲ್ಲಿ ಬಿ12 ಹುಟ್ಟುತ್ತದೆ ಎಂಬ ಮಾತನ್ನೂ ನಂಬಿ ಕೂರಬೇಡಿ.

"ಕುಚ್ಚಲಕ್ಕಿ ಗಂಜಿಯಲ್ಲೇ ಎಲ್ಲ ವಿಟಮಿನ್ ಇದೆ ಎನ್ನುತ್ತಾರಲ್ಲ?"

ಎಲ್ಲ ಇಲ್ಲ, ಒಂದು ಮಾತ್ರ ಖಂಡಿತ ಇದೆ, ಮತ್ತು ಅದರ ಕತೆ ಚೆನ್ನಾಗಿದೆ. ಭತ್ತವನ್ನು ಸಿಪ್ಪೆಯ ಸಮೇತ ಬೇಯಿಸುವಾಗ ಹೊರಪದರದಲ್ಲಿರುವ ಬಿ1, ಅಂದರೆ ಥಯಮಿನ್, ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ಪಾಲಿಶ್ ಮಾಡಿದರೂ ಸಾಕಷ್ಟು ಉಳಿಯುತ್ತದೆ. ಬೆಳ್ತಿಗೆ ಅಕ್ಕಿಯಲ್ಲಿ, ಅಂದರೆ ಭತ್ತವನ್ನು ಬೇಯಿಸದೆ ಮಾಡಿದ ಬಿಳಿ ಅಕ್ಕಿಯಲ್ಲಿ, ಅದು ತೌಡಿನ ಜೊತೆ ಹೊರಟುಹೋಗುತ್ತದೆ. ಬಿಳಿ ಅಕ್ಕಿಯನ್ನೇ ನಂಬಿದ ನಾಡುಗಳನ್ನು ಕಾಡಿದ, ಬಿ1 ಕೊರತೆಯಿಂದ ಬರುವ ಬೆರಿಬೆರಿ ರೋಗ, ಕುಚ್ಚಲಕ್ಕಿ ಉಣ್ಣುವವರನ್ನು ಅಷ್ಟಾಗಿ ಮುಟ್ಟದಿರಲು ಕಾರಣ ಇದು. ಆದರೆ ಗಂಜಿಯಲ್ಲಿ ಬಿ12 ಇಲ್ಲ, ಡಿ ಇಲ್ಲ. ಶುಗರಿನ ಮಟ್ಟಿಗೆ ಕುಚ್ಚಲಕ್ಕಿಯೂ ಅಕ್ಕಿಯೇ. ಲೆಕ್ಕಕ್ಕೆ ಬರುವುದು ಬಟ್ಟಲಿನ ಗಾತ್ರ.

"ಅಮ್ಮನಿಗೆ ಮಾತ್ರೆ ನುಂಗಲು ಆಗುವುದಿಲ್ಲ. ಟಾನಿಕ್ ಕೊಡಬಹುದೇ?"

ಲೇಬಲ್ ಓದಿ ಕೊಡಿ. ಸಕ್ಕರೆ ಪಾಕದಲ್ಲಿ ಮಾಡಿದ ಸಿರಪ್ಪಿನ ಎರಡು ಚಮಚದಲ್ಲಿ ಐದಾರು ಗ್ರಾಂ ಸಕ್ಕರೆ ಹೋಗುತ್ತದೆ. ಚಹಾಕ್ಕೆ ಸಕ್ಕರೆ ಬಿಟ್ಟವರು ಟಾನಿಕ್ಕಿನಲ್ಲಿ ಅದನ್ನೇ ಕುಡಿದಂತಾಯಿತು. ಗಮ್ಮಿ ಎಂದು ಬರುವ ಜಗಿಯುವ ವಿಟಮಿನ್‌ಗಳು ಮುಕ್ಕಾಲು ಪಾಲು ಮಿಠಾಯಿಯೇ. 'ಶುಗರ್ ಫ್ರೀ' ಸಿರಪ್ಪಿನಲ್ಲಿ ಸಿಹಿಗೆಂದು ಹಾಕುವ ಸಾರ್ಬಿಟಾಲ್ ಹೆಚ್ಚಿದ್ದರೆ ಕೆಲವರಿಗೆ ಹೊಟ್ಟೆ ಸಡಿಲವಾಗುತ್ತದೆ. ನೀರಿನಲ್ಲಿ ಬುರುಗುಟ್ಟಿ ಕರಗುವ ಮಾತ್ರೆಯಲ್ಲಿ ಸೋಡಿಯಂ ಇರುವುದರಿಂದ ಬಿಪಿ ಇದ್ದವರು ದಿನವೂ ಕುಡಿಯುವಂತಿಲ್ಲ. ನಾಲಗೆಯ ಕೆಳಗಿಟ್ಟು ಕರಗಿಸುವ ಬಿ12 ಮಾತ್ರೆಗಳು ಸಿಗುತ್ತವೆ. ನುಂಗಲಾಗದವರಿಗೆ ಅದು ಸುಲಭ.

## ಮದ್ದು ಮತ್ತು ರಕ್ತಪರೀಕ್ಷೆಯ ಗೋಜಲು

"ಹನ್ನೆರಡು ವರ್ಷದಿಂದ ಶುಗರಿಗೆ ಮೆಟ್‌ಫಾರ್ಮಿನ್ ತಿನ್ನುತ್ತಿದ್ದೇನೆ. ಪಾದ ಜುಮುಜುಮು ಎನ್ನುತ್ತದೆ, ಚಪ್ಪಲಿ ಜಾರಿ ಬಿದ್ದರೂ ತಿಳಿಯುವುದಿಲ್ಲ. ಶುಗರಿನಿಂದಲೇ ಹೀಗೆಯೇ?"

ಇರಬಹುದು. ಆದರೆ 'ಶುಗರಿನದ್ದು, ಇದು ಹೀಗೆಯೇ' ಎಂದು ಕೈಬಿಡುವ ಮೊದಲು ಬಿ12 ನೋಡಿಸಿ. ಈ ಇಡೀ ಪಟ್ಟಿಯಲ್ಲಿ ಒಂದೇ ಉತ್ತರ ಓದಲು ಪುರುಸೊತ್ತಿರುವವರು ಇದನ್ನು ಓದಿ.

ಬಿ12 ನಮ್ಮ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ರಕ್ತ ಸೇರುತ್ತದೆ. ಅಲ್ಲಿ ಅದನ್ನು ಒಳಗೆ ಎಳೆದುಕೊಳ್ಳಲು ಕ್ಯಾಲ್ಸಿಯಂ ಬೇಕು, ಮೆಟ್‌ಫಾರ್ಮಿನ್ ಆ ಏರ್ಪಾಟಿಗೆ ಅಡ್ಡಬರುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಮದ್ದಿನ ಡೋಸ್ ಹೆಚ್ಚಿದಷ್ಟೂ, ವರ್ಷಗಳು ಕಳೆದಷ್ಟೂ ಕೊರತೆಯ ಸಂಭವ ಹೆಚ್ಚು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಈ ಬಗ್ಗೆ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು. ಪಿತ್ತಜನಕಾಂಗದಲ್ಲಿ ಬಿ12 ವರ್ಷಗಟ್ಟಲೆಗೆ ಆಗುವಷ್ಟು ಸಂಗ್ರಹ ಇರುವುದರಿಂದ ಕೊರತೆ ಕಾಣಿಸಿಕೊಳ್ಳುವುದು ತಡವಾಗಿ. ಅಷ್ಟು ಹೊತ್ತಿಗೆ ರೋಗಿಯೂ ಮನೆಯವರೂ ಎಲ್ಲ ತೊಂದರೆಯನ್ನೂ ಶುಗರಿನ ತಲೆಗೆ ಕಟ್ಟಿರುತ್ತಾರೆ.

ಜುಮುಜುಮು, ಉರಿ, ಕತ್ತಲಲ್ಲಿ ನಡೆಯುವಾಗ ತೂರಾಡುವುದು, ಮರೆವು, ನಾಲಗೆ ನುಣುಪಾಗಿ ಉರಿಯುವುದು: ಇವು ಬಿ12 ಕೊರತೆಯಲ್ಲೂ ಬರುತ್ತವೆ. ಮಧುಮೇಹದ ನರದ ತೊಂದರೆಯನ್ನು ಹಿಂದಕ್ಕೆ ತಿರುಗಿಸುವುದು ಕಷ್ಟ. ಬಿ12 ಕೊರತೆಯದ್ದನ್ನು ಬೇಗ ಹಿಡಿದರೆ ಬಹುಪಾಲು ಸರಿಮಾಡಬಹುದು. ಪರೀಕ್ಷೆಯ ಬೆಲೆಯನ್ನು ಈ ವ್ಯತ್ಯಾಸದ ಎದುರಿಗಿಟ್ಟು ತೂಗಿ. ಸಾಮಾನ್ಯವಾಗಿ ಬಿ12 ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. 200ರಿಂದ 300ರ ನಡುವೆ ಇದ್ದರೆ ಲಕ್ಷಣ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ.

ಎರಡು ಮಾತು ಕಟ್ಟುನಿಟ್ಟಾಗಿ. ಇದನ್ನು ಓದಿ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ, ಅದು ಒಳ್ಳೆಯ ಮದ್ದು. ಬಿ12 ಸೇರಿಸಿಕೊಂಡರೆ ಸಾಕು. ಎರಡನೆಯದು, ಸುಸ್ತು ಎಂದು ಬರೀ ಫೋಲಿಕ್ ಆಸಿಡ್ ಮಾತ್ರೆ ತಿನ್ನಬೇಡಿ. ಅದು ಬಿ12 ಕೊರತೆಯ ರಕ್ತಹೀನತೆಯನ್ನು ಮುಚ್ಚಿಹಾಕುತ್ತದೆ, ಒಳಗೆ ನರ ಸವೆಯುತ್ತಲೇ ಇರುತ್ತದೆ.

"ಬಿ12 ಇಂಜೆಕ್ಷನ್ನೇ ಬೇಕೇ?"

ನರದ ತೊಂದರೆ ಜೋರಾಗಿದ್ದರೆ ಡಾಕ್ಟರು ಮೊದಲು ಇಂಜೆಕ್ಷನ್ ಬರೆಯುತ್ತಾರೆ. ಉಳಿದವರಿಗೆ ದಿನಕ್ಕೆ 1,000 ಮೈಕ್ರೋಗ್ರಾಂನಷ್ಟು ದೊಡ್ಡ ಡೋಸಿನ ಮಾತ್ರೆಯೇ ಸಾಕಾಗುತ್ತದೆ. ಕರುಳಿನ ಮಾಮೂಲಿ ದಾರಿ ಕೆಟ್ಟಿದ್ದರೂ ಅದರಲ್ಲಿ ನೂರಕ್ಕೆ ಒಂದು ಪಾಲು ಹಾಗೆಯೇ ಸೋಸಿ ಒಳಗೆ ಹೋಗುತ್ತದೆ, ಅಷ್ಟೇ ನಮಗೆ ಬೇಕಾದ್ದು. ಒಂದು ವಿನಂತಿ: ರಕ್ತ ಕೊಟ್ಟ ಮೇಲೆ ಮಾತ್ರೆ ಶುರುಮಾಡಿ. ಮೊದಲೇ ತಿಂದು ಹೋದರೆ ವರದಿಯಲ್ಲಿ ಎಲ್ಲವೂ ಚೆಂದ ಕಾಣುತ್ತದೆ.

"ಎಚ್‌ಬಿಎ1ಸಿ 7.9 ಇತ್ತು. ಮೂರು ತಿಂಗಳು ಕಬ್ಬಿಣದ ಮಾತ್ರೆ ತಿಂದ ಮೇಲೆ 7.1 ಬಂತು. ಕಬ್ಬಿಣಕ್ಕೆ ಶುಗರ್ ಇಳಿಸುವ ಗುಣ ಇದೆಯೇ?"

ಇಲ್ಲ. ಇಳಿದದ್ದು ಶುಗರ್ ಆಗಿರಲಾರದು, ಅಳತೆ ಸರಿಹೋಗಿರಬೇಕು. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು. ಒಂದು ಕಣದ ಆಯಸ್ಸು ಸುಮಾರು 120 ದಿನ. ಕಬ್ಬಿಣವೋ ಬಿ12ವೋ ಕಡಿಮೆಯಿದ್ದಾಗ ಹೊಸ ಕಣಗಳು ತಡವಾಗಿ ಬರುತ್ತವೆ, ಹಳೆಯವು ರಕ್ತದಲ್ಲಿ ಹೆಚ್ಚು ಕಾಲ ಸುತ್ತುತ್ತವೆ, ಅವುಗಳ ಮೇಲೆ ಸಕ್ಕರೆ ಹೆಚ್ಚು ಅಂಟಿರುತ್ತದೆ. ಅಂಗಡಿಯ ಹಳೆಯ ಸ್ಟಾಕಿನ ಮೇಲೆ ಧೂಳು ಹೆಚ್ಚು ಕೂತಿರುವುದಿಲ್ಲವೇ, ಹಾಗೆ. ಚಿಕಿತ್ಸೆ ಶುರುವಾದ ಕೂಡಲೇ ಹೊಸ ಕಣಗಳ ಹಿಂಡು ಬಂದು ಅಂಕಿ ಇಳಿಯುತ್ತದೆ. ಹಾಗಾಗಿ ರಕ್ತಹೀನತೆ ಇರುವವರು ಎಚ್‌ಬಿಎ1ಸಿ ಒಂದನ್ನೇ ನೋಡಿ ಮದ್ದು ಏರಿಸಬಾರದು. ಬೆರಳಿನ ರಕ್ತದ ಅಂಕಿಗಳನ್ನೂ ಬರೆದಿಟ್ಟು ತೋರಿಸಬೇಕು. ಅಷ್ಟಕ್ಕೂ ಎಂಬತ್ತು ದಾಟಿ, ಬೇರೆ ಕಾಯಿಲೆಗಳೂ ಇರುವವರಿಗೆ 8ರ ಒಳಗಿದ್ದರೆ ಸಾಕು ಎನ್ನುವ ಡಾಕ್ಟರುಗಳೇ ಹೆಚ್ಚು.

ಇನ್ನೊಂದು: ಎಪ್ಪತ್ತು ವರ್ಷದವರಿಗೆ ಕಬ್ಬಿಣ ಕಡಿಮೆಯಾದರೆ ಅದು ಎಲ್ಲಿ ಸೋರಿತು ಎಂದು ಹುಡುಕಬೇಕು. ಮೂಲವ್ಯಾಧಿ, ಗಂಟುನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಾದ ಹುಣ್ಣು, ಕೆಲವೊಮ್ಮೆ ಕರುಳಿನ ಕ್ಯಾನ್ಸರ್. ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾದರೆ ಸೋರುವ ಕೊಡಕ್ಕೆ ನೀರು ತುಂಬಿಸಿದಂತೆ.

"ತೋಳಿಗೆ ಅಂಟಿಸಿದ ಶುಗರ್ ಸೆನ್ಸರ್ 240 ತೋರಿಸುತ್ತದೆ, ಬೆರಳು ಚುಚ್ಚಿದರೆ 170. ಯಾವುದನ್ನು ನಂಬಲಿ?"

ನನ್ನ ಮೊದಲ ಪ್ರಶ್ನೆ: ವಿಟಮಿನ್ ಸಿ ಮಾತ್ರೆ ಚೀಪುತ್ತಿದ್ದೀರಾ? ಕೊರೊನಾ ಕಾಲದಲ್ಲಿ ಹತ್ತಿದ ಆ ಅಭ್ಯಾಸ ಹಲವರಿಗೆ ಇನ್ನೂ ಬಿಟ್ಟಿಲ್ಲ. ಕೆಲವು ಸೆನ್ಸರ್‌ಗಳ ಕೈಪಿಡಿಯಲ್ಲೇ ಬರೆದಿದೆ: ದಿನಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ಸೇವಿಸಿದರೆ ಅಂಕಿ ಸುಳ್ಳಾಗಿ ಏರಿ ಕಾಣಬಹುದು ಎಂದು. ಕಿತ್ತಳೆ ಬಣ್ಣದ ಆ ಚೀಪುವ ಮಾತ್ರೆ ಒಂದೊಂದೂ ಸಾಮಾನ್ಯವಾಗಿ 500 ಮಿಲಿಗ್ರಾಂ. ಎರಡು ಚೀಪಿದರೆ ಮಿತಿ ದಾಟಿತು. ಅಪಾಯ ಇರುವುದು ಆಮೇಲೆ: ಇಲ್ಲದ 240ಕ್ಕೆ ಇನ್ಸುಲಿನ್ ಚುಚ್ಚಿಕೊಂಡರೆ ಶುಗರ್ ಕುಸಿಯುತ್ತದೆ. ಅನುಮಾನ ಬಂದಾಗ ಕೈ ತೊಳೆದು ಒರೆಸಿ, ಬೆರಳು ಚುಚ್ಚಿ ನೋಡಿ. ಕೈ ತೊಳೆಯುವುದು ಏಕೆಂದರೆ, ಹಲಸಿನ ತೊಳೆ ಬಿಡಿಸಿದ ಬೆರಳಿನಲ್ಲಿ ಶುಗರ್ ನೋಡಿ ಗಾಬರಿಯಾಗಿ ಓಡಿಬಂದವರನ್ನು ನಾನು ಕಂಡಿದ್ದೇನೆ. ನೆಲ್ಲಿಕಾಯಿ, ಪೇರಳೆ ಊಟದಲ್ಲಿ ಇದ್ದರೆ ಚಿಂತೆಯಿಲ್ಲ.

"ಕೂದಲು ಉದುರುತ್ತದೆಂದು ಮಗಳು ಬಯೋಟಿನ್ ತಂದುಕೊಟ್ಟಿದ್ದಾಳೆ. ಶುಗರಿಗೆ ತೊಂದರೆಯೇ?"

ಶುಗರಿಗೆ ಇಲ್ಲ, ಥೈರಾಯ್ಡ್ ಪರೀಕ್ಷೆಗೆ ಇದೆ. ಬಯೋಟಿನ್ ಬಿ ಗುಂಪಿನ ಒಂದು ವಿಟಮಿನ್. ದೊಡ್ಡ ಡೋಸಿನಲ್ಲಿ ಅದು ಕೆಲವು ಪರೀಕ್ಷಾ ವಿಧಾನಗಳನ್ನು ದಾರಿತಪ್ಪಿಸುತ್ತದೆ. ಹೃದಯಾಘಾತ ಪತ್ತೆಗೆ ನೋಡುವ ಟ್ರೋಪೋನಿನ್ ಕೂಡ ತಪ್ಪಾಗಿ ಕಡಿಮೆ ಬರಬಹುದು. ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

## ಹೆಚ್ಚಾದಾಗ, ಬೆರೆತಾಗ

"ವಾರಕ್ಕೊಂದರಂತೆ 60,000 ಯೂನಿಟ್ಟಿನ ಡಿ ವಿಟಮಿನ್ ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇವೆ. ಮುಂದುವರಿಸುವುದಾ?"

ಬರೆದವರು ಎಂಟು ವಾರಕ್ಕೆ ಬರೆದಿರುತ್ತಾರೆ. ಚೀಟಿ ಹಳದಿಯಾಗಿ ಹರಿದರೂ ಮಾತ್ರೆ ನಿಂತಿರುವುದಿಲ್ಲ. ಡಿ ವಿಟಮಿನ್ ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೋಗುವಂಥದ್ದಲ್ಲ, ದೇಹದ ಕೊಬ್ಬಿನಲ್ಲಿ ಕೂರುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆಗ ಏನಾಗುತ್ತದೆ ನೋಡಿ: ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು. ಥೇಟು ಶುಗರ್ ಏರಿದ ಹಾಗೆಯೇ! ಜೊತೆಗೆ ವಾಂತಿ, ಮಲಬದ್ಧತೆ, ಮಂಕು ಬಡಿದಂತಾಗುವುದು. ಒಬ್ಬ ಅಜ್ಜನ ಮನೆಯವರು ಹೀಗೆಯೇ ಶುಗರ್ ಮಾತ್ರೆ ಜಾಸ್ತಿ ಕೊಡಿ ಎಂದು ನನ್ನ ಬಳಿ ಬಂದಿದ್ದರು. ಮೀಟರಿನಲ್ಲಿ ಶುಗರ್ 150. ಆಸ್ಪತ್ರೆಗೆ ಕಳಿಸಿದ ಮೇಲೆ ತಿಳಿಯಿತು, ಏರಿದ್ದು ಕ್ಯಾಲ್ಸಿಯಂ. ಅವರು ವಾರದ ಮಾತ್ರೆಯನ್ನು ದಿನದ ಮಾತ್ರೆ ಎಂದು ತಿಳಿದು ನುಂಗುತ್ತಿದ್ದರು.

ವರ್ಷಕ್ಕೊಮ್ಮೆ ದೊಡ್ಡ ಡೋಸ್ ಕೊಟ್ಟು ಮುಗಿಸುವ ಯೋಚನೆಯೂ ಒಳ್ಳೆಯದಲ್ಲ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದಾಗ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು. 2010ರಲ್ಲಿ ಆ ಫಲಿತಾಂಶ ಬಂತು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ನಮ್ಮೂರಿನಲ್ಲಿ ಒಳಗೇ ಕೂರುವ ಹಿರಿಯರಿಗೆ ಡಿ ಕಡಿಮೆಯಾಗುವುದು ಸಹಜ. ಅದಕ್ಕೆ ಡಾಕ್ಟರನ್ನು ಕೇಳಿ ದಿನದ ಸಣ್ಣ ಡೋಸ್, ಇಲ್ಲವೇ ತಿಂಗಳಿಗೊಂದು.

"ಡಿ ವಿಟಮಿನ್ ತಿಂದರೆ ಶುಗರ್ ಬರುವುದನ್ನೇ ತಡೆಯಬಹುದಂತೆ?"

2019ರಲ್ಲಿ ಅಮೆರಿಕದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 2,423 ಜನರ ಮೇಲೆ ನಡೆದ ಅಧ್ಯಯನ ಹೊರಬಂತು. ದಿನಕ್ಕೆ 4,000 ಯೂನಿಟ್ ತೆಗೆದುಕೊಂಡವರಿಗೂ ಹುಸಿ ಮಾತ್ರೆ ತೆಗೆದುಕೊಂಡವರಿಗೂ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ. 2023ರಲ್ಲಿ ಇಂಥ ಮೂರು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಹೊಸ್ತಿಲಲ್ಲಿದ್ದವರಿಗೆ ಸಣ್ಣ ಲಾಭ ಕಂಡಿತು. ಈಗಾಗಲೇ ಶುಗರ್ ಬಂದವರಿಗೆ ಇದು ಮದ್ದಿನ ಬದಲಿ ಅಲ್ಲ.

"ರಾತ್ರಿ ಮೀನಖಂಡ ಸೆಳೆಯುತ್ತದೆ. ಮೆಗ್ನೀಷಿಯಂ ಕೊಡಿ."

ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎಷ್ಟಿದೆ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ, ಅವರಿಗೆ ಸಿಟ್ಟು ಬರುತ್ತದೆ. ಕಿಡ್ನಿ ಸೋತಿದ್ದರೆ ಮೆಗ್ನೀಷಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ, ಹೃದಯದ ಬಡಿತವನ್ನೂ ಕೆಡಿಸುತ್ತದೆ. ಹತೋಟಿ ತಪ್ಪಿದ ಶುಗರ್, ಮೂತ್ರ ಹೋಗಿಸುವ ಮಾತ್ರೆ, ವರ್ಷಗಟ್ಟಲೆಯ ಗ್ಯಾಸ್ಟ್ರಿಕ್ ಮಾತ್ರೆ, ಇವುಗಳಿಂದ ಮೆಗ್ನೀಷಿಯಂ ನಿಜಕ್ಕೂ ಇಳಿಯುವುದುಂಟು. ಆಗ ಪರೀಕ್ಷೆ ಮಾಡಿಸಿ ತುಂಬಿಸಬೇಕು. ಕೊರತೆ ಇಲ್ಲದ ಹಿರಿಯರ ರಾತ್ರಿಯ ಸೆಳೆತಕ್ಕೆ ಮಾತ್ರ ಇದರಿಂದ ಹೇಳಿಕೊಳ್ಳುವ ಪ್ರಯೋಜನ ಕಂಡುಬಂದಿಲ್ಲ.

"ಕ್ರೋಮಿಯಂ, ಸೆಲೆನಿಯಂ, ಝಿಂಕ್ ಇರುವ ಮಾತ್ರೆ ಶುಗರಿಗೆ ಒಳ್ಳೆಯದು ಎಂದು ಓದಿದೆ."

ಕ್ರೋಮಿಯಂ ಪರವಾಗಿ ಗಟ್ಟಿ ಸಾಕ್ಷ್ಯವಿಲ್ಲ. ಸೆಲೆನಿಯಂನದ್ದು ತಿರುವುಮುರುವು: ದಿನಕ್ಕೆ 200 ಮೈಕ್ರೋಗ್ರಾಂ ವರ್ಷಗಟ್ಟಲೆ ಸೇವಿಸಿದವರಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತೆಂದು 2007ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಝಿಂಕ್ ದೊಡ್ಡ ಡೋಸಿನಲ್ಲಿ ಬಹುಕಾಲ ತಿಂದರೆ ದೇಹದ ತಾಮ್ರ ಇಳಿದು ಮತ್ತೆ ನರಕ್ಕೇ ಪೆಟ್ಟು. ಕೊಲೆಸ್ಟ್ರಾಲಿಗೆಂದು ಗ್ರಾಂ ಲೆಕ್ಕದಲ್ಲಿ ನಯಾಸಿನ್, ಅಂದರೆ ಬಿ3, ತಿಂದರೆ ಶುಗರ್ ಏರುತ್ತದೆ. ಬೀಡಿ, ಸಿಗರೇಟು ಸೇದುವವರು ದೇಹದಲ್ಲಿ ಎ ವಿಟಮಿನ್ ಆಗುವ ಬೀಟಾ ಕೆರೋಟಿನ್‌ನ ಮಾತ್ರೆ ಮುಟ್ಟಲೇಬಾರದು. ಫಿನ್ಲೆಂಡಿನಲ್ಲಿ ಸೇದುವವರಿಗೆ ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾದದ್ದು 1994ರಲ್ಲೇ ತಿಳಿದಿದೆ.

"ನರದ ಕ್ಯಾಪ್ಸೂಲ್ ತಿನ್ನುತ್ತಲೇ ಇದ್ದೇನೆ, ಜುಮುಜುಮು ಇನ್ನೂ ಹೆಚ್ಚಾಗಿದೆ."

ಸ್ಟ್ರಿಪ್ಪಿನ ಹಿಂದೆ ಪಿರಿಡಾಕ್ಸಿನ್, ಅಂದರೆ ಬಿ6, ಎಷ್ಟಿದೆ ನೋಡಿ. ನಮಗೆ ದಿನಕ್ಕೆ ಬೇಕಾಗುವುದು ಎರಡು ಮಿಲಿಗ್ರಾಂ ಆಸುಪಾಸು. ದೊಡ್ಡ ಡೋಸಿನ ಬಿ6 ಬಹುಕಾಲ ತಿಂದರೆ ಅದೇ ನರವನ್ನು ಮರಗಟ್ಟಿಸುತ್ತದೆ. ಎರಡು ಬೇರೆ ಬೇರೆ ಡಾಕ್ಟರು ಬರೆದ ಎರಡು ಕ್ಯಾಪ್ಸೂಲಿನಲ್ಲೂ ಅದು ಇರುವುದನ್ನು ನಾನು ಎಷ್ಟೋ ಸಲ ಹಿಡಿದಿದ್ದೇನೆ. ಇದೇ ಕ್ಯಾಪ್ಸೂಲುಗಳಲ್ಲಿರುವ ಆಲ್ಫಾ ಲಿಪೋಯಿಕ್ ಆಸಿಡ್‌ನಿಂದ, ಬಹಳ ಅಪರೂಪಕ್ಕೆ, ದೇಹವೇ ಇನ್ಸುಲಿನ್ ವಿರುದ್ಧ ಪ್ರತಿಕಾಯ ಮಾಡಿಕೊಂಡು ಶುಗರ್ ದಿಢೀರನೆ ಕುಸಿಯುವುದುಂಟು. ಹೊಸದಾಗಿ ಬೆವರು, ನಡುಕ ಶುರುವಾಗಿದ್ದರೆ ಡಾಕ್ಟರಿಗೆ ಈ ಕ್ಯಾಪ್ಸೂಲಿನ ಹೆಸರನ್ನೂ ಹೇಳಿ.

"ಬೆಳಿಗ್ಗೆ ಥೈರಾಯ್ಡ್, ಶುಗರ್, ಬಿಪಿ, ಕ್ಯಾಲ್ಸಿಯಂ, ಕಬ್ಬಿಣ ಎಲ್ಲ ಒಟ್ಟಿಗೇ ನುಂಗಿ ಕಾಫಿ ಕುಡಿಯುತ್ತೇನೆ. ಆಗಬಹುದಲ್ಲ?"

ಆಗದು. ಥೈರಾಯ್ಡ್ ಮಾತ್ರೆ ಬರೀ ಹೊಟ್ಟೆಗೆ, ನೀರಿನಲ್ಲಿ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಅದಕ್ಕಿಂತ ನಾಲ್ಕು ಗಂಟೆ ದೂರ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದೇ ಹೊತ್ತಿನಲ್ಲಿ ಬೇಡ. ಕಾಫಿ, ಚಹಾ ಕೂಡ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿನೊಕೂಮರಾಲ್ ತಿನ್ನುವವರು ಕ್ಯಾಲ್ಸಿಯಂ ಸ್ಟ್ರಿಪ್ಪಿನಲ್ಲಿ 'ಕೆ2-7' ಇದೆಯೇ ನೋಡಲೇಬೇಕು. ಅದು ವಿಟಮಿನ್ ಕೆ, ಆ ಮದ್ದಿಗೆ ನೇರ ಎದುರಾಳಿ.

"ಡಬ್ಬಿಯ ಮೇಲೆ 'ಶುಗರ್ ಬೇರುಸಹಿತ ಮಾಯ' ಎಂದಿದೆ. ಸರ್ಕಾರ ಬಿಟ್ಟಿದೆ ಎಂದ ಮೇಲೆ ನಿಜವೇ ಇರಬೇಕು."

ಸರ್ಕಾರ ಬಿಟ್ಟಿಲ್ಲ. ಮಧುಮೇಹ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಆಹಾರ ಪೂರಕವೆಂದು ಮಾರುವ ಡಬ್ಬಿಯ ಮೇಲೆ 'ಔಷಧವಾಗಿ ಬಳಸಲು ಅಲ್ಲ' ಎಂಬ ಸಾಲು ಇಂಗ್ಲಿಷಿನಲ್ಲಿ ಇರುತ್ತದೆ, ಬೂದುಗನ್ನಡಿ ಹಿಡಿದರೆ ಕಾಣುವ ಅಕ್ಷರದಲ್ಲಿ. ಹೆಸರು, ಪಟ್ಟಿ ಏನೂ ಇಲ್ಲದ ಪುಡಿಯಾದರೆ ಇನ್ನೂ ಹೆದರಬೇಕು. ಶುಗರ್ ನಿಜಕ್ಕೂ ಇಳಿದರೆ, ಅದರಲ್ಲಿ ಹೇಳದೆ ಬೆರೆಸಿದ ಶುಗರ್ ಮಾತ್ರೆಯೇ ಇರುವ ಸಾಧ್ಯತೆ ಉಂಟು. ಹಿತ್ತಲಿನ ಇನ್ಸುಲಿನ್ ಗಿಡದ ಎಲೆ ಜಗಿಯುವವರು ಜಗಿಯಲಿ, ಆದರೆ ಡಾಕ್ಟರಿಗೆ ಹೇಳಲಿ, ಮತ್ತು ಅದನ್ನು ನಂಬಿ ಮಾತ್ರೆ ಬಿಡದಿರಲಿ.

"ಅತ್ತೆ ದಿನಕ್ಕೆ ಹದಿಮೂರು ಮಾತ್ರೆ ನುಂಗುತ್ತಾರೆ. ಯಾವುದನ್ನು ನಿಲ್ಲಿಸುವುದೆಂದೇ ತಿಳಿಯುವುದಿಲ್ಲ."

ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಮನೆಯಲ್ಲಿರುವ ಸ್ಟ್ರಿಪ್ಪು, ಟಾನಿಕ್ಕು, ಪುಡಿ, ಮಗ ವಿದೇಶದಿಂದ ತಂದ ದೊಡ್ಡ ಡಬ್ಬಿ, ಫ್ರಿಜ್ಜಿನ ಬಾಗಿಲಿನಲ್ಲಿರುವುದು, ದೇವರ ಕೋಣೆಯ ಕಪಾಟಿನಲ್ಲಿರುವುದು, ಎಲ್ಲವನ್ನೂ ಒಂದು ಬಟ್ಟೆಯ ಚೀಲಕ್ಕೆ ಹಾಕಿ. ಜೊತೆಗೆ ಇತ್ತೀಚಿನ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಎಚ್‌ಬಿಎ1ಸಿ ವರದಿ. ಆ ಚೀಲವನ್ನು ಡಾಕ್ಟರ ಮೇಜಿನ ಮೇಲೆ ಸುರಿದು 'ಇದರಲ್ಲಿ ಯಾವುದು ಬೇಡ?' ಎಂದು ಕೇಳಿ. ಉಳಿದವುಗಳ ಪಟ್ಟಿ ಬರೆಸಿಕೊಂಡು ಬನ್ನಿ. ವಿಟಮಿನ್ನಿನ ಮಟ್ಟಿಗೆ ಜನೌಷಧಿ ಕೇಂದ್ರದ್ದೂ ಆಗುತ್ತದೆ, ನನ್ನಲ್ಲೇ ಕೊಳ್ಳಬೇಕೆಂದಿಲ್ಲ. ಸಂಜೆ ಏಳರ ಮೇಲೆ ಬಂದರೆ ಅಂಗಡಿಯಲ್ಲಿ ರಷ್ ಇರುವುದಿಲ್ಲ. ಯಾವುದು ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತೇನೆ.